ಮಬ್ರೂಕಾಳ ಹಲಗೆ

ಸ್ಫಾಕ್ಸ್ ಪಟ್ಟಣದ ಬಾದಾಮಿ ಮರದ ಆಸ್ಪತ್ರೆಯಲ್ಲಿ ಖಾಲಿ ಬಾಟಲಿಯನ್ನು ಎಣಿಸದೆ ಎಸೆಯುವಂತಿರಲಿಲ್ಲ. ಇದು ಯಾವ ಸುತ್ತೋಲೆಯಲ್ಲೂ ಇದ್ದ ನಿಯಮವಲ್ಲ, ಮಬ್ರೂಕಾ ತಂದದ್ದು. ನೆಲಮಾಳಿಗೆಯ ಬಿಳಿ ಕೋಣೆಯಲ್ಲಿ ದಿನದ ಚೀಲಗಳು ಸಿದ್ಧವಾದ ಮೇಲೆ ಬರಿದಾದ ಬಾಟಲಿಗಳೆಲ್ಲ ಒಂದು ಸ್ಟೀಲ್ ಬೋಗುಣಿಗೆ ಬೀಳಬೇಕು. ಮೂರನೆಯ ಮಹಡಿಯಲ್ಲಿ ಕೊನೆಯ ಕೂಸಿನ ತಲೆಯ ಮೇಲೆ ಕೊನೆಯ ಚೀಲ ತೂಗುವವರೆಗೆ ಬೋಗುಣಿ ಅಲ್ಲಿಯೇ ಇರಬೇಕು. ಆಮೇಲೆ ಸರದಿಯವಳು ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿ ಎಸೆಯಬೇಕು.

ಮಬ್ರೂಕಾ ಊರಿನೆದುರಿನ ಕಡಲಲ್ಲಿರುವ ಕೆರ್ಕೆನ್ನಾ ದ್ವೀಪದವಳು. ತಂದೆ ಆಕ್ಟೋಪಸ್ ಹಿಡಿಯುವ ಬೆಸ್ತ. ಮಣ್ಣಿನ ಗಡಿಗೆಗಳನ್ನು ಹಗ್ಗಕ್ಕೆ ಪೋಣಿಸಿ ಕಡಲಿಗೆ ಇಳಿಬಿಟ್ಟರೆ ಬಿಲವೆಂದು ನಂಬಿ ಆಕ್ಟೋಪಸ್ ಅದರೊಳಗೆ ಸೇರಿಕೊಳ್ಳುತ್ತದೆ. ಇಳಿಸಿದ ಗಡಿಗೆ ಎಷ್ಟು, ಎತ್ತಿದ ಗಡಿಗೆ ಎಷ್ಟು ಎಂದು ತಿಳಿಯದವನಿಗೆ ಸಮುದ್ರ ಏನನ್ನೂ ಹೇಳುವುದಿಲ್ಲವೆಂದು ಅವನು ಮಗಳಿಗೆ ಕಲಿಸಿದ್ದ. ಆ ಮಗಳು ಹತ್ತೊಂಬತ್ತರ ವಯಸ್ಸಿನಲ್ಲಿ ಈ ಆಸ್ಪತ್ರೆಗೆ ಬಾಟಲಿ ತೊಳೆಯಲು ಬಂದಳು. ಬಾಟಲಿಯ ಮೇಲಿನ ಚೀಟಿಗಳನ್ನು ಓದುತ್ತ ಓದುತ್ತ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿ ಮೂವತ್ತರ ಹೊತ್ತಿಗೆ ಬಿಳಿ ಕೋಣೆಯ ಒಳಗೆ ಕಾಲಿಟ್ಟಳು. ಐವತ್ತನಾಲ್ಕರಲ್ಲಿ ಆ ಕೋಣೆಯ ಮುಖ್ಯಸ್ಥೆ ಅವಳೇ.

ಬಿಳಿ ಕೋಣೆಯಲ್ಲಿ ತಯಾರಾಗುತ್ತಿದ್ದುದು ದಿನ ತುಂಬದೆ ಹುಟ್ಟಿದ ಕೂಸುಗಳ ಊಟ. ಅಂಗೈಯಗಲದ ಆ ಜೀವಗಳ ಕರುಳು ತಾಯಿಯ ಹಾಲನ್ನೂ ತಾಳದು. ಉಣ್ಣುವುದೇನಿದ್ದರೂ ರಕ್ತನಾಳದ ಮೂಲಕ. ಸಕ್ಕರೆ, ಪ್ರೋಟೀನಿನ ಸಾರ, ಉಪ್ಪುಗಳು, ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್, ಹೀಗೆ ಹನ್ನೆರಡು ದ್ರವಗಳನ್ನು ಆಯಾ ಕೂಸಿನ ತೂಕಕ್ಕೆ ತಕ್ಕಂತೆ ಹನಿ ಲೆಕ್ಕದಲ್ಲಿ ಅಳೆದು, ಕ್ರಮ ತಪ್ಪದೆ ಒಂದು ಚೀಲದಲ್ಲಿ ಬೆರೆಸಬೇಕು. ಇಪ್ಪತ್ತೆರಡು ವರ್ಷ ಮಬ್ರೂಕಾ ಅದನ್ನು ಸಿರಿಂಜಿನಿಂದ, ಕೈಯಲ್ಲೇ ಬೆರೆಸಿದಳು. ಒಬ್ಬಳು ಸಿರಿಂಜಿಗೆ ಎಳೆಯುವಳು, ಇನ್ನೊಬ್ಬಳು ಬಾಟಲಿಯನ್ನೂ ಗೆರೆಯನ್ನೂ ನೋಡಿ 'ಕಂಡೆ' ಎನ್ನುವಳು. ಅಂದ ಮೇಲೆಯೇ ದ್ರವ ಚೀಲಕ್ಕೆ ಇಳಿಯುವುದು. ಕಾಣದೆ 'ಕಂಡೆ' ಎಂದವಳು ಆ ಕೋಣೆಯಲ್ಲಿ ಎರಡನೆಯ ದಿನ ಉಳಿದದ್ದಿಲ್ಲ.

ಆಮೇಲೆ ಯಂತ್ರ ಬಂತು. ಔಷಧ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಮದಾಮ್ ಇನ್ಸಾಫ್ ಮೂರು ವರ್ಷ ಅರ್ಜಿ ಬರೆದು ತರಿಸಿದ ಬೆರಕೆ ಯಂತ್ರ. ಹನ್ನೆರಡು ಬಾಟಲಿಗಳನ್ನು ತಲೆಕೆಳಗಾಗಿ ತೂಗುಹಾಕಿ, ಒಂದೊಂದರ ಬಾರ್‌ಕೋಡನ್ನು ಅದಕ್ಕೆ ತೋರಿಸಿ, ಕೂಸಿನ ಲೆಕ್ಕವನ್ನು ಒತ್ತಿದರೆ ಸಾಕು. ಕೊಳವೆಗಳಿಂದ ತಾನೇ ಹೀರಿ, ತಾನೇ ತೂಗಿ, ನಾಲ್ಕು ನಿಮಿಷದಲ್ಲಿ ಚೀಲ ತುಂಬಿಸಿ, ಹಸಿರು ಗುರುತಿನ ಕಾಗದವನ್ನು ಹೊರಗೆ ಹಾಕುತ್ತಿತ್ತು. ಯಾವ ಎರಡು ದ್ರವ ಎಷ್ಟರ ಮೇಲೆ ಒಂದಕ್ಕೊಂದು ಆಗಿಬರುವುದಿಲ್ಲವೆಂಬುದೂ ಅದಕ್ಕೆ ಗೊತ್ತು. ಮಿತಿ ಮೀರಿದರೆ ಕೆಲಸ ನಿಲ್ಲಿಸುತ್ತಿತ್ತು.

ಮಬ್ರೂಕಾ ಮೊದಲ ತಿಂಗಳು ಅದರ ಮುಖ ನೋಡಲಿಲ್ಲ. ಎರಡನೆಯ ತಿಂಗಳು ಅದು ತುಂಬಿದ ಪ್ರತಿ ಚೀಲವನ್ನೂ ಕದ್ದು ತೂಗಿ ತಪ್ಪು ಹುಡುಕಿದಳು. ಸಿಗಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ಕೊರತೆ ಸಿಕ್ಕಿತು. ಬಿಳಿ ಕೋಣೆಗೆ ಬರುವ ಬಾಟಲಿಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಬೇಕಲ್ಲ, ಅದರಿಂದ ಚೀಟಿಯ ಗೆರೆಗಳು ಕದಡುತ್ತಿದ್ದವು. ಗೆರೆ ಕದಡಿದರೆ ಯಂತ್ರ ಕೆಂಪು ದೀಪ ಹಚ್ಚಿ ಮೊಂಡು ಹಿಡಿಯುತ್ತಿತ್ತು. ದಿನಕ್ಕೆ ಹತ್ತು ಸಲ. ಮಬ್ರೂಕಾ ಹನ್ನೆರಡು ಒಳ್ಳೆಯ ಚೀಟಿಗಳನ್ನು ಕತ್ತರಿಸಿ, ಒಂದು ಬಿಳಿ ಹಲಗೆಗೆ ಸಾಲಾಗಿ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಯಂತ್ರದ ಪಕ್ಕದ ಗೋಡೆಗೆ ನೇತುಹಾಕಿದಳು. ಕೆಂಪು ಬಂದರೆ ಹಲಗೆಯ ಮೇಲಿನ ಅದೇ ಹೆಸರಿನ ಚೀಟಿಯನ್ನು ತೋರಿಸುವುದು, ಯಂತ್ರ ಸುಮ್ಮನಾಗುವುದು. ಮದಾಮ್ ಇನ್ಸಾಫ್ ಕೂಡ ನೋಡಿ ನಕ್ಕಳು. "ಕಂಪನಿಯವ್ರಿಗೆ ಹೊಳೀದೇ ಇದ್ದದ್ದು ನಿಮಗೆ ಹೊಳೀತಲ್ಲ, ಖಾಲ್ತಿ," ಅಂದಳು. ಚಿಕ್ಕಮ್ಮನನ್ನು ಕರೆದಂತೆ ಎಲ್ಲ ಕಿರಿಯರೂ ಮಬ್ರೂಕಾಳನ್ನು ಕರೆಯುತ್ತಿದ್ದುದೇ ಹಾಗೆ. ಆ ಮಾತು ಮಬ್ರೂಕಾಳ ಎದೆಯಲ್ಲಿ ಬಹಳ ದಿನ ಬೆಚ್ಚಗೆ ಕುಳಿತಿತ್ತು. ಯಂತ್ರ ತನ್ನನ್ನು ಸೋಲಿಸಿದ ಕೋಣೆಯಲ್ಲಿ ತಾನೂ ಯಂತ್ರವನ್ನು ಒಂದು ಬಾರಿ ಸೋಲಿಸಿದ್ದೇನೆ ಎಂಬ ಬಿಗುಮಾನ. ಕೆಲಸಕ್ಕೆ ಹೊಸದಾಗಿ ಸೇರಿದ ಅರೀಜ್ ಎಂಬ ಹುಡುಗಿಗೆ ಅವಳು ಕಲಿಸಿದ ಮೊದಲ ಪಾಠವೇ ಅದು: ಕೆಂಪು ಬಂದರೆ ಹಲಗೆ. 'ಕಂಡೆ' ಎನ್ನುವ ಪಾಠ ಕಲಿಸುವ ಪ್ರಮೇಯವೇ ಬರಲಿಲ್ಲ. ಯಂತ್ರಕ್ಕೆ ಒಬ್ಬಳೇ ಸಾಕಾಗಿತ್ತು.

ಅರೀಜ್ ಸೇರಿದ ವರ್ಷದೊಳಗೆ, ರಮದಾನ್ ತಿಂಗಳ ಹತ್ತೊಂಬತ್ತನೆಯ ದಿನ.

ಉಪವಾಸದ ತಿಂಗಳಲ್ಲಿ ಚೀಲಗಳು ಬೆಳಗ್ಗೆಯೇ ತಯಾರಾಗಿ ಮೇಲಿನ ಫ್ರಿಜ್ಜಿಗೆ ಹೋಗುತ್ತಿದ್ದವು. ಆರು ಗಂಟೆಗೆ ತೂಗುಹಾಕಬೇಕೆಂದು ನಿಯಮ. ಆದರೆ ಸೂರ್ಯ ಮುಳುಗಿ ತೋಪು ಹಾರುವ ಹೊತ್ತಿಗೆ ದಾದಿಯರೆಲ್ಲ ಒಟ್ಟಿಗೆ ಕುಳಿತು ಉಪವಾಸ ಮುರಿಯಬೇಕೆಂದು ಮುಕ್ಕಾಲು ಗಂಟೆ ಮೊದಲೇ, ಐದೂಕಾಲಿಗೆ, ಹಾಕಲು ತೊಡಗುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು ಅದು.

ಅಂದು ಮಧ್ಯಾಹ್ನದ ಸರದಿ ಮಬ್ರೂಕಾಳದು, ಜೊತೆಗೆ ಬೆಳಗ್ಗೆ ಚೀಲಗಳನ್ನು ತುಂಬಿಸಿದ್ದ ಅರೀಜ್. ಐದು ಗಂಟೆ ಇಪ್ಪತ್ತೈದು ನಿಮಿಷಕ್ಕೆ, ಎಸೆಯುವುದು ಆಮೇಲಾದರೂ ಎಣಿಕೆಯನ್ನು ಮುಗಿಸಿಡೋಣವೆಂದು, ಮಬ್ರೂಕಾ ಬೋಗುಣಿಯನ್ನು ಎಳೆದುಕೊಂಡಳು. ಬಾಯಿ ಒಣಗಿತ್ತು. ಮನೆಗೆ ಹೋಗುವಾಗ ಕೊಳ್ಳಬೇಕಾದ ರೊಟ್ಟಿಯ ಯೋಚನೆಯಲ್ಲಿ ಅರ್ಧ ಮನಸ್ಸು. ಸಕ್ಕರೆಯದು ನಾಲ್ಕು, ಸಾರದ್ದು ಮೂರು, ಕ್ಯಾಲ್ಸಿಯಂ ಎರಡು. ಫಾಸ್ಫೇಟ್ ಒಂದು. ಆ ಒಂದನ್ನು ಕೈಗೆತ್ತಿಕೊಂಡವಳು ಹಾಗೆಯೇ ನಿಂತಳು. ಮುಚ್ಚಳ ಬೂದು ಬಣ್ಣದ್ದು.

ಫಾಸ್ಫೇಟಿನ ಮುಚ್ಚಳ ನೀಲಿ. ಎರಡು ವರ್ಷದಿಂದ ನೀಲಿ.

"ಅರೀಜ್, ಇದು ಎಲ್ಲಿಂದ ಬಂತು?"

ಅರೀಜ್ ಕೈ ಒರೆಸಿಕೊಳ್ಳುತ್ತ ಬಂದಳು. "ಇವತ್ತಿನ ಪೆಟ್ಟಿಗೇಲಿ ಇತ್ತು ಖಾಲ್ತಿ. ಉಗ್ರಾಣದ ನೂರಿಯವ್ರು ಕಳಿಸಿದ್ದು. ಫಾಸ್ಫೇಟೇ ಅಲ್ವಾ, ಬರೆದಿದೆ ನೋಡಿ."

"ಯಂತ್ರ ತಗೊಳ್ತಾ?"

"ಕೆಂಪು ತೋರಿಸ್ತು. ಚೀಟಿ ಒದ್ದೆಯಾಗಿರ್ಬೇಕು ಅಂತ..." ಅವಳು ಗೋಡೆಯ ಕಡೆ ನೋಡಿದಳು. "ಹಲಗೇದು ತೋರಿಸ್ದೆ. ತಗೊಳ್ತು."

ಮಬ್ರೂಕಾ ಬಾಟಲಿಯನ್ನು ಕಣ್ಣಿನ ಹತ್ತಿರ ತಂದು ಸಣ್ಣ ಅಕ್ಷರಗಳನ್ನು ಓದಿದಳು. ಫಾಸ್ಫೇಟಿನಲ್ಲಿ ಎರಡು ಜಾತಿ. ನೀಲಿ ಮುಚ್ಚಳದ್ದು ಸಾಧು. ಕ್ಯಾಲ್ಸಿಯಂ ಎಷ್ಟೇ ಇರಲಿ, ಒಂದೇ ಚೀಲದಲ್ಲಿ ಹೊಂದಿಕೊಂಡು ಹೋಗುತ್ತದೆ. ಬೂದು ಮುಚ್ಚಳದ್ದು ಹಳೆಯ ಖನಿಜ ಜಾತಿ. ಕ್ಯಾಲ್ಸಿಯಂ ಹೆಚ್ಚಿದ್ದರೆ ಎರಡೂ ಕೂಡಿ ಸುಣ್ಣದ ಹರಳಾಗಿ ಕೂರುತ್ತವೆ. ತಣ್ಣಗಿದ್ದಾಗ ನೀರಿನಂತೆ ತಿಳಿಯಾಗಿಯೇ ಕಾಣುತ್ತದೆ. ಬಿಸಿ ತಗುಲಿದಾಗ ಹರಳು ಕಟ್ಟುತ್ತದೆ. ಮೂರನೆಯ ಮಹಡಿಯಲ್ಲಿ ಕೂಸುಗಳ ಗಾಜಿನ ಪೆಟ್ಟಿಗೆಗಳೆಲ್ಲ ಬಿಸಿ ಪೆಟ್ಟಿಗೆಗಳೇ. ಆ ಹರಳು ನಾಳದೊಳಗೆ ಹೋದರೆ ಕೂಸಿನ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ಯಂತ್ರ ಸಾಧು ಫಾಸ್ಫೇಟ್ ಎಂದು ನಂಬಿಕೊಂಡು, ಆ ಲೆಕ್ಕದಲ್ಲೇ ಆರು ಚೀಲಗಳಿಗೆ ಕ್ಯಾಲ್ಸಿಯಂ ತುಂಬಿಸಿತ್ತು.

"ನೂರಿ ಚೀಟಿ ಏನಾದ್ರೂ ಇಟ್ಟಿದ್ನಾ?"

"ರಟ್ಟಿನ ಪೆಟ್ಟಿಗೇಲಿ ಇತ್ತೋ ಏನೋ. ರಟ್ಟು ಒಳಗೆ ತರೋ ಹಾಗಿಲ್ವಲ್ಲ, ಹೊರಗೇ ಬಿಟ್ಟೆ. ಖಾಲ್ತಿ, ಏನಾಯ್ತು?"

ಮಬ್ರೂಕಾ ಆಗಲೇ ಫೋನು ಹಿಡಿದಿದ್ದಳು. ಮೂರನೆಯ ಮಹಡಿಯಲ್ಲಿ ಅದು ಹೊಡೆದುಕೊಂಡಿತು, ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ. ಯಾಕೆ ಎತ್ತುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ: ಶುದ್ಧ ಕೈಗವಸು ತೊಟ್ಟು ಚೀಲ ಹಾಕುತ್ತಿರುವವರು ಫೋನು ಮುಟ್ಟುವುದಿಲ್ಲ. ಅಂದರೆ ಹಾಕುತ್ತಿದ್ದಾರೆ.

"ಮದಾಮ್‌ಗೆ ಫೋನ್ ಮಾಡು. ಒಲೆ ಮೇಲೆ ಏನಿದ್ರೂ ಬಿಟ್ಟು ಬರೋಕೆ ಹೇಳು. ಯಂತ್ರ ಮುಟ್ಟಬೇಡ." ಬೂದು ಮುಚ್ಚಳದ ಬಾಟಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಅವಳು ಹೊರಬಿದ್ದಳು.

ಲಿಫ್ಟಿನ ಮುಂದೆ ಇಫ್ತಾರ್ ಊಟದ ಗಾಡಿಗಳು ಸಾಲುಗಟ್ಟಿದ್ದವು, ಸೂಪಿನ ಪಾತ್ರೆಗಳ ಮುಚ್ಚಳ ಕಟಕಟ ಅನ್ನುತ್ತಿತ್ತು. ಮೆಟ್ಟಿಲೇ ಗತಿ. ಹದಿಮೂರು ಗಂಟೆಯಿಂದ ಒಂದು ತೊಟ್ಟು ನೀರು ಕಾಣದ ದೇಹ ಎರಡನೆಯ ಮಹಡಿಯಲ್ಲಿ ಮುಷ್ಕರ ಹೂಡಿತು. ಕಣ್ಣಿಗೆ ಕತ್ತಲೆ ಬಂತು. ಕಟಕಟೆ ಹಿಡಿದು ನಿಂತ ಆ ಅರೆಗಳಿಗೆಯಲ್ಲಿ ಒಂದು ಯೋಚನೆ ಹಾವಿನಂತೆ ತಲೆಯೆತ್ತಿತು: ಬಾಟಲಿ ಬದಲಾಯಿಸಿದ್ದು ನೂರಿ, ಹಾಕಿದ್ದು ಅರೀಜ್, ಬೆರೆಸಿದ್ದು ಯಂತ್ರ. ತನ್ನ ಹೆಸರು ಎಲ್ಲಿಯೂ ಇಲ್ಲ. ಅವಳು ಆ ಯೋಚನೆಯನ್ನು ಅಲ್ಲಿಯೇ ಬಿಟ್ಟು ಮೇಲೆ ಹತ್ತಿದಳು. ಬಿಟ್ಟೆನೆಂದುಕೊಂಡಳು. ಅದು ಹಿಂದೆಯೇ ಬಂತು.

ಕೂಸುಗಳ ವಾರ್ಡಿನಲ್ಲಿ ಆರು ಪೆಟ್ಟಿಗೆಗಳು. ಮೊದಲ ಎರಡರ ಮೇಲೆ ಹೊಸ ಚೀಲ ತೂಗಿ ಹನಿಯುತ್ತಿತ್ತು. ಮೂರನೆಯದನ್ನು ಕೈಯಲ್ಲಿ ಹಿಡಿದು ನಿಂತಿದ್ದವಳು ಹಿರಿಯ ದಾದಿ ವಹೀದಾ. ಮಬ್ರೂಕಾ ಬಾಟಲಿ ತೊಳೆಯುತ್ತಿದ್ದ ದಿನಗಳಿಂದ ಅವಳನ್ನು ಬಲ್ಲವಳು, ಅಂದಿನಿಂದಲೂ ಅವಳೊಡನೆ ಜಗಳವಾಡುತ್ತ ಬಂದವಳು.

"ಹಾಕಬೇಡ, ವಹೀದಾ. ಹಾಕಿರೋ ಎರಡನ್ನೂ ಇಳಿಸು."

"ಮೊದ್ಲು ಉಸಿರು ಬಿಡು. ಯಾರಾದ್ರೂ ಸತ್ರಾ?"

"ಇನ್ನೂ ಇಲ್ಲ."

ವಹೀದಾಳ ಮುಖದಿಂದ ನಗೆ ಇಳಿಯಿತು, ಆದರೆ ಕೈ ಕೆಳಗೆ ಬರಲಿಲ್ಲ. ಚೀಲದ ಜೊತೆಗಿದ್ದ ಕಾಗದವನ್ನು ಎತ್ತಿ ತೋರಿಸಿದಳು. "ಇಲ್ನೋಡು. ಹಸಿರು. ಬಾಟಲಿ ಸರಿ, ತೂಕ ಸರಿ, ಲೆಕ್ಕ ಸರಿ. ನಿನ್ನ ಸಿರಿಂಜಿನ ಕಾಲದಲ್ಲಿ ಯಾವತ್ತಾದ್ರೂ ಇಷ್ಟು ನೀಟಾಗಿ ಬಂದಿತ್ತಾ?"

"ಕಾಗದ ಸುಳ್ಳು."

"ಹೌದಪ್ಪಾ. ಯಂತ್ರ ಬಂದ ದಿನದಿಂದ ನೀನು ಹೇಳ್ತಿರೋದು ಅದನ್ನೇ. ನಾಲ್ಕು ಸಲ ಮೇಲೆ ಬಂದು ನನ್ನ ಫ್ರಿಜ್ಜಿನಿಂದ ಚೀಲ ತೆಗೆದು ತೂಗಿದ್ದೀಯ, ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಏನು ಸಿಕ್ತು?" ವಹೀದಾ ಧ್ವನಿ ತಗ್ಗಿಸಿದಳು. "ಹೊಟ್ಟೆ ಖಾಲಿ ಇರೋವಾಗ ಎಲ್ಲಾರ ತಲೇನೂ ಹೀಗೇ. ಹೋಗಿ ಕೂತ್ಕೋ. ತೋಪು ಹಾರೋಕೆ ಇನ್ನೊಂದೇ ಗಂಟೆ."

"ನಾನು ಹಸಿವಿಗೆ ಮಾತಾಡ್ತಿಲ್ಲ."

"ಸರಿ, ಇಳಿಸ್ತೀನಿ ಅಂತಿಟ್ಕೋ. ಆಮೇಲೆ? ಎಂಟುನೂರು ಗ್ರಾಂ ಇದೆ ಎರಡನೇ ಪೆಟ್ಟಿಗೇದು. ಊಟ ನಿಂತು ಅರ್ಧ ಗಂಟೆ ಆದ್ರೆ ಸಕ್ಕರೆ ಬಿದ್ದು ನಡುಕ ಬರತ್ತೆ. ಡಾಕ್ಟ್ರು ಆಪರೇಷನ್ ಕೋಣೇಲಿದ್ದಾರೆ. ಅವರ ಅಪ್ಪಣೆ ಇಲ್ದೆ, ನಿನ್ನ ಮುನಿಸಿನ ಮಾತು ಕೇಳಿ ಆರು ಮಕ್ಕಳನ್ನ ಉಪವಾಸ ಕೆಡವಲಾ? ಇವಕ್ಕೇನು ರಮದಾನಾ?"

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಬ್ರೂಕಾಗೆ ಅದು ತಿಳಿದಿತ್ತು. ತಾನು ಯಂತ್ರವನ್ನು ದೂರಿದ ಒಂದೊಂದು ಮಾತೂ ಈಗ ತನ್ನ ದಾರಿಗೆ ಅಡ್ಡ ಬಿದ್ದ ಕಲ್ಲಾಗಿತ್ತು. ಮತ್ತೊಮ್ಮೆ ಯಂತ್ರ ಕೆಟ್ಟಿದೆ ಎಂದರೆ ಇವಳು ನಂಬುವುದಿಲ್ಲ. ಉಗ್ರಾಣದವನು ಎಂದರೆ ವಿಚಾರಿಸೋಣ ಎನ್ನುತ್ತಾಳೆ. ಅಷ್ಟರಲ್ಲಿ ಚೀಲ ಬಿಸಿಯಾಗುತ್ತದೆ. ನಂಬಿಸುವ ಮಾತು ಒಂದೇ ಇತ್ತು.

ಎರಡನೆಯ ಪೆಟ್ಟಿಗೆಯ ಪಕ್ಕದಲ್ಲಿ ಕೂಸಿನ ತಾಯಿ ದಲೆಂದಾ ಕುಳಿತಿದ್ದಳು, ಪೆಟ್ಟಿಗೆಯ ಕಿಂಡಿಯೊಳಗೆ ಕೈ ಚಾಚಿ, ಒಂದು ಬೆರಳನ್ನು ಮಗನ ಅಂಗಾಲಿಗೆ ತಾಗಿಸಿಕೊಂಡು. ಇಬ್ಬರು ಎಳೆಯ ದಾದಿಯರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಯಂತ್ರದ್ದು ತಪ್ಪಿಲ್ಲ," ಮಬ್ರೂಕಾ ಅಂದಳು. "ಅದು ಬೆಳಗ್ಗೆ ಈ ಬಾಟಲೀನ ಬೇಡ ಅಂತು. ಕೆಂಪು ತೋರಿಸ್ತು. ಬೇಡ ಅಂದಾಗ ಅದರ ಬಾಯಿ ಮುಚ್ಚಿಸೋಕೆ ನಾನೊಂದು ಹಲಗೆ ಮಾಡಿಟ್ಟಿದ್ದೀನಿ. ಹುಡುಗೀಗೆ ಕಲಿಸಿದ್ದೂ ನಾನೇ. ಇದರಲ್ಲಿ ಬೇರೆ ಫಾಸ್ಫೇಟ್ ಇದೆ, ಬಿಸಿ ತಾಗಿದ್ರೆ ಸುಣ್ಣ ಆಗತ್ತೆ." ಅವಳು ಬೂದು ಮುಚ್ಚಳದ ಬಾಟಲಿಯನ್ನು ವಹೀದಾಳ ಮುಂದೆ ಹಿಡಿದಳು. "ಇದು ನನ್ನ ತಪ್ಪು, ವಹೀದಾ. ನನ್ನ ಕೈಕೆಲಸ. ಇಳಿಸು."

ಇಪ್ಪತ್ತೈದು ವರ್ಷದಲ್ಲಿ ಮಬ್ರೂಕಾ 'ನನ್ನ ತಪ್ಪು' ಎಂದದ್ದನ್ನು ವಹೀದಾ ಕೇಳಿರಲಿಲ್ಲ. ಬಾಟಲಿಯನ್ನು ಓದಲು ಕೂಡ ಅವಳು ತಡೆಯಲಿಲ್ಲ. ಎರಡು ಹೆಜ್ಜೆಯಲ್ಲಿ ಮೊದಲ ಪೆಟ್ಟಿಗೆಯ ಕೊಳವೆಯ ಬಿರಡೆ ಬಿಗಿದಳು, ಇನ್ನೆರಡರಲ್ಲಿ ಎರಡನೆಯದು. "ಸಕ್ಕರೆ ನೀರು, ಶೇಕಡಾ ಹತ್ತರದ್ದು, ಆರು ಬಾಟಲಿ," ಎಂದು ಎಳೆಯ ದಾದಿಗೆ ಹೇಳಿದಳು. "ಇನ್ನೊಬ್ಳು ಆಪರೇಷನ್ ಕೋಣೆಗೆ ಓಡು. ಬಾಗಿಲಲ್ಲೇ ನಿಂತು ಡಾಕ್ಟ್ರ ಬಾಯಲ್ಲಿ ಹೂಂ ಅನ್ನಿಸ್ಕೊಂಡು ಬಾ. ಎರಡು ಮಕ್ಕಳ ಕೊಳವೆ ಪೂರ್ತಿ ಬದಲಾಯಿಸ್ಬೇಕು. ಕೊಳವೇಲಿರೋ ಸೋಸೋ ಜಾಲರಿ ಎಸೀಬೇಡಿ, ಎತ್ತಿಡಿ."

ಅವರೆಲ್ಲ ಚದುರಿದ ಮೇಲೆ ದಲೆಂದಾ ಬೆರಳು ತೆಗೆಯದೆ, ತಲೆ ಮಾತ್ರ ಎತ್ತಿ ಕೇಳಿದಳು. "ನನ್ನ ಮಗೂಗೆ ಎಷ್ಟು ಹೋಗಿದೆ?"

"ಚೀಲದ ಮೇಲೆ ಬರೆದ ಹೊತ್ತು ನೋಡಿದ್ರೆ ಹನ್ನೆರಡು ನಿಮಿಷ ಆಗಿದೆ. ಅರ್ಧ ಚಮಚಕ್ಕಿಂತ ಕಡಿಮೆ. ಚೀಲ ಇನ್ನೂ ತಣ್ಣಗಿತ್ತು, ನಡುವೆ ಜಾಲರಿ ಇದೆ. ಹರಳು ಹೋಗಿರಲಾರದು."

"ಹೋಗಿರಲಾರದು ಅಂತೀರೋ, ಹೋಗಿಲ್ಲ ಅಂತೀರೋ?"

ಮಬ್ರೂಕಾ ಬಿಗಿದ ಕೊಳವೆಯನ್ನು ನೋಡಿದಳು. "ಹೋಗಿರಲಾರದು ಅಂತೀನಿ. ನಾನು ಕಂಡಿಲ್ಲ."

ದಲೆಂದಾ ಅವಳಿಗೆ ಬೆನ್ನು ಮಾಡಿ ಮಗನ ಕಡೆ ತಿರುಗಿದಳು. ಆ ಬೆನ್ನಿನ ಮುಂದೆ ನಿಲ್ಲುವುದಕ್ಕಿಂತ ಇನ್ನೂ ಮೂರು ಮಹಡಿ ಹತ್ತುವುದು ಸುಲಭವಿತ್ತು.

ಕೆಳಗೆ ಮದಾಮ್ ಇನ್ಸಾಫ್ ಬಂದಾಗಿತ್ತು, ಮನೆಯ ಚಪ್ಪಲಿಯಲ್ಲಿ, ಬೆರಳಿಗೆ ಹಿಟ್ಟು ಮೆತ್ತಿಕೊಂಡು. ಹೊರಗಿನ ರಟ್ಟಿನ ಪೆಟ್ಟಿಗೆಯಿಂದ ನೂರಿಯ ಚೀಟಿಯನ್ನು ಹೆಕ್ಕಿದ್ದಳು: ಹಳೆಯದು ಮುಗಿದಿದೆ, ಇದು ಬೇರೆ, ಕೇಳಿ ಬಳಸಿ. ಅರೀಜ್ ಮೂಲೆಯಲ್ಲಿ ನಿಂತು ಸದ್ದಿಲ್ಲದೆ ಅಳುತ್ತಿದ್ದಳು.

"ಯಂತ್ರದ ಕೊಳವೇಲೆಲ್ಲ ಅದೇ ತುಂಬಿದೆ," ಇನ್ಸಾಫ್ ಅಂದಳು. "ತೊಳೆದು ಮತ್ತೆ ಪರೀಕ್ಷೆ ಮಾಡೋಕೆ ನಾಲ್ಕು ಗಂಟೆ ಬೇಕು. ಸಕ್ಕರೆ ನೀರಲ್ಲಿ ಆ ಸಣ್ಣ ಮಕ್ಕಳನ್ನ ಅಷ್ಟು ಹೊತ್ತು ಇಡೋಕೆ ನಂಗೆ ಧೈರ್ಯ ಇಲ್ಲ. ಖಾಲ್ತಿ, ಕೈಯಲ್ಲಿ ಆಗತ್ತಾ?"

"ಆಗತ್ತೆ. ಲೆಕ್ಕ ನೀವು ಹಾಕಿ ಕೊಡಿ."

"ಇವತ್ತೊಂದು ದಿನ ಫಾಸ್ಫೇಟೇ ಬೇಡ. ಉಳಿದ ಹನ್ನೊಂದು. ಕಾಣೋಕೆ ಯಾರು? ಲೆಕ್ಕ ಹಾಕಿದವಳೇ ಕಾಣೋ ಹಾಗಿಲ್ಲ."

ಇಬ್ಬರೂ ಮೂಲೆಯ ಕಡೆ ನೋಡಿದರು.

"ಮುಖ ತೊಳ್ಕೊಂಡು ಗೌನು ಹಾಕು," ಮಬ್ರೂಕಾ ಹುಡುಗಿಗೆ ಅಂದಳು. "ಅಳೋದಿದ್ರೆ ನಾಳೆ ಅಳು. ಕಣ್ಣೀರು ಬಂದ ಕಣ್ಣಿಗೆ ಗೆರೆ ಕಾಣಲ್ಲ."

ಎರಡು ವರ್ಷದಿಂದ ಮೂಲೆ ಸೇರಿದ್ದ ಸಿರಿಂಜುಗಳು ಮೇಜಿಗೆ ಬಂದವು. ಮಬ್ರೂಕಾ ಮೊದಲ ಚೀಲ ಎಳೆದುಕೊಂಡಳು. ಸಕ್ಕರೆ ಎಳೆದು, ಸಿರಿಂಜನ್ನು ಬೆಳಕಿಗೆ ಹಿಡಿದು ತಡೆದಳು. ಅರೀಜ್ ತಕ್ಷಣ, "ಕಂಡೆ," ಅಂದಳು.

"ಏನು ಕಂಡೆ?"

"ಸಕ್ಕರೆ... ಇಪ್ಪತ್ತ್..."

ಮಬ್ರೂಕಾ ಸಿರಿಂಜಿನಲ್ಲಿದ್ದುದನ್ನೆಲ್ಲ ಕಸದ ಡಬ್ಬಿಗೆ ಚೆಲ್ಲಿ, ಹೊಸ ಸಿರಿಂಜಿನ ಹೊದಿಕೆ ಹರಿದಳು. "ನನ್ನ ಮುಖ ನೋಡಿ ಹೇಳ್ದೆ. ನನ್ನ ಮುಖದಲ್ಲಿ ಏನೂ ಬರೆದಿಲ್ಲ. ಬಾಟಲಿ ನೋಡು, ಗೆರೆ ನೋಡು, ಕಾಗದ ನೋಡು. ಮೂರೂ ಒಂದೇ ಅಂತ ನಿನಗೆ ಅನ್ನಿಸೋವರೆಗೂ ನಾನು ಹೀಗೇ ಕೈ ಎತ್ತಿಕೊಂಡೇ ಇರ್ತೀನಿ. ಅವಸರ ಇರೋದು ಮೇಲಿನವ್ರಿಗೆ. ನಮಗಿಲ್ಲ."

ಆಮೇಲೆ ಅರೀಜ್ ನಿಧಾನವಾದಳು. ಮೊದಲ ಚೀಲಕ್ಕೆ ಹದಿನೆಂಟು ನಿಮಿಷ ಹಿಡಿಯಿತು. ಎರಡನೆಯದು ಎಂಟುನೂರು ಗ್ರಾಮಿನ ಕೂಸಿನದು. ಅದರ ನಡುವೆ ದೂರದ ಕೋಟೆಯ ಕಡೆಯಿಂದ ತೋಪಿನ ಸದ್ದು ದಪ್ಪ ಗೋಡೆಗಳನ್ನು ದಾಟಿ ತೆಳ್ಳಗೆ ಬಂತು. ಊರಿಡೀ ಆ ಗಳಿಗೆಯಲ್ಲಿ ನೀರಿನ ಲೋಟಕ್ಕೆ ಕೈಯಿಟ್ಟಿತ್ತು. ಇಬ್ಬರೂ ಮೇಜು ಬಿಟ್ಟು ಕದಲಲಿಲ್ಲ. ಗೌನು ಬಿಚ್ಚಿದರೆ ಮತ್ತೆ ಮೊದಲಿನಿಂದ.

ಕ್ಯಾಲ್ಸಿಯಂ ಕೊನೆಗೆ ಹೋಗಬೇಕಾದದ್ದು. ಮಬ್ರೂಕಾ ಸಣ್ಣ ಸಿರಿಂಜಿಗೆ ಅದನ್ನೆಳೆದು ಬೆಳಕಿಗೆ ಹಿಡಿದಳು. ಈ ಕೆಲಸವನ್ನು ಅವಳು ಸಾವಿರಾರು ಸಲ ಮಾಡಿದ್ದಳು. ಅರೀಜ್ ಬಾಟಲಿ ನೋಡಿದಳು, ಗೆರೆ ನೋಡಿದಳು, ಕಾಗದ ನೋಡಿದಳು. ಮತ್ತೆ ಗೆರೆ ನೋಡಿದಳು.

"ಏನು?"

"ಕಾಣ್ಲಿಲ್ಲ, ಖಾಲ್ತಿ."

"ಸರಿಯಾಗಿ ನೋಡು."

"ನೋಡ್ದೆ." ಹುಡುಗಿ ಗೆರೆಯಿಂದ ಕಣ್ಣು ತೆಗೆಯಲಿಲ್ಲ. "ಕಾಗದದಲ್ಲಿ ಒಂದೂವರೆ ಇದೆ. ನೀವು ಎಳೆದಿರೋದು ಎರಡೂವರೆ."

ಮಬ್ರೂಕಾ ಸಿರಿಂಜನ್ನು ತಿರುಗಿಸಿ, ತೋಳಿನಷ್ಟು ದೂರ ಹಿಡಿದು, ಹತ್ತಿರ ತಂದು ನೋಡಿದಳು. ಎರಡೂವರೆ. ಕೈ ತಾನಾಗಿಯೇ ಮೊದಲ ಚೀಲದ ಅಳತೆಯನ್ನು ಎಳೆದಿತ್ತು. ಯಂತ್ರ ಬರುವ ಮೊದಲಿನ ಇಪ್ಪತ್ತೆರಡು ವರ್ಷ ತನ್ನ ಕೈಯನ್ನು ಕಾಯ್ದದ್ದು ತನ್ನ ಕೈಯಲ್ಲ, ಪಕ್ಕದಲ್ಲಿ ನಿಂತ ಯಾರೋ ಒಬ್ಬಳ ಕಣ್ಣು ಎಂಬುದು ಅವಳಿಗೆ ಆಗ ನೆನಪಾಯಿತು. ಯಂತ್ರವೂ ಬೆಳಗ್ಗೆ ಈ ಹುಡುಗಿಯ ಹಾಗೆಯೇ 'ಕಾಣಲಿಲ್ಲ' ಎಂದಿತ್ತು. ಆ ಮಾತಿಗೆ ಅವಳು ಗೋಡೆಯ ಮೇಲೆ ಒಂದು ಹಲಗೆ ಹೊಡೆದಿದ್ದಳು.

ಹೆಚ್ಚಿನದನ್ನು ಚೆಲ್ಲಿ, ಹೊಸದಾಗಿ ಎಳೆದು, ಎತ್ತಿ ಹಿಡಿದಳು.

"ಕಂಡೆ," ಅರೀಜ್ ಅಂದಳು.

ಆರು ಚೀಲಗಳು ಮುಗಿದಾಗ ಎಂಟು ಗಂಟೆಯ ಹತ್ತಿರ. ಇನ್ಸಾಫ್ ತಂದಿಟ್ಟಿದ್ದ ಖರ್ಜೂರವನ್ನು ಇಬ್ಬರೂ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತೇ ತಿಂದು ನೀರು ಕುಡಿದರು. ಚೀಲಗಳನ್ನು ಮಬ್ರೂಕಾ ತಾನೇ ಮೇಲಕ್ಕೆ ಹೊತ್ತಳು.

ವಹೀದಾ ಅವಳಿಗಾಗಿ ಒಂದು ಬಟ್ಟಲು ಸೂಪನ್ನು ತಟ್ಟೆ ಮುಚ್ಚಿ ಇಟ್ಟಿದ್ದಳು. ಅದಕ್ಕೆ ಮೊದಲು ಇನ್ನೊಂದನ್ನು ಮುಂದಿಟ್ಟಳು. ಎರಡನೆಯ ಪೆಟ್ಟಿಗೆಯಿಂದ ಇಳಿಸಿದ ಚೀಲ. "ಪೆಟ್ಟಿಗೆ ಮೇಲೇ ಬಿಟ್ಟಿದ್ದೆ, ಬಿಸಿ ತಾಗಲಿ ಅಂತ. ನಿನ್ನ ಮಾತನ್ನ ನಂಬಿದ್ದೆ, ಆದ್ರೂ ನೋಡ್ಬೇಕಿತ್ತು."

ಮಬ್ರೂಕಾ ತನ್ನ ಕಪ್ಪು ತಲೆವಸ್ತ್ರದ ಸೆರಗನ್ನು ಚೀಲದ ಹಿಂದೆ ಹಿಡಿದು ಅಲುಗಾಡಿಸಿದಳು. ತಳದಿಂದ ಬಿಳಿಯ ನವಿರು ಪುಡಿ ಎದ್ದು, ಹೊಗೆಯಂತೆ ಸುಳಿದು, ನಿಧಾನವಾಗಿ ಮತ್ತೆ ಕೂತಿತು. ತನ್ನ ಮಾತು ನಿಜವಾಯಿತೆಂದು ಹಿಗ್ಗುವಂತಿರಲಿಲ್ಲ. ಅವಳು ನೋಡುತ್ತಿದ್ದುದು ತನ್ನದೇ ಹಲಗೆಯನ್ನು.

"ಜಾಲರಿ?"

"ಕೆಳಗೆ ಪ್ರಯೋಗಾಲಯದವ್ರು ನೋಡಿದ್ರು. ಚೊಕ್ಕಟ ಇದೆ. ಎರಡು ಮಕ್ಕಳ ಉಸಿರೂ ಸರಿ ಇದೆ. ಡಾಕ್ಟ್ರು ಇಪ್ಪತ್ನಾಲ್ಕು ಗಂಟೆ ಕಣ್ಣಿಟ್ಟಿರಿ ಅಂದ್ರು." ವಹೀದಾ ಬಟ್ಟಲನ್ನು ಅವಳ ಕಡೆ ತಳ್ಳಿದಳು. "ಕುಡಿ. ಆರಿ ಸಾಯ್ತಿದೆ."

ಮರುದಿನ ಮದಾಮ್ ಇನ್ಸಾಫ್ ವರದಿ ಬರೆದಳು. 'ಬಾಟಲಿಯ ಗುರುತಿನಲ್ಲಿ ವ್ಯತ್ಯಾಸವಾಗಿ' ಎಂದು ಮೊದಲ ಸಾಲು. ಮಬ್ರೂಕಾ ಓದಿ ಹಿಂದಕ್ಕೆ ಕೊಟ್ಟಳು.

"ವ್ಯತ್ಯಾಸ ತಾನಾಗೇ ಆಗಲ್ಲ, ಮದಾಮ್. ಯಾರೋ ಮಾಡಿರ್ತಾರೆ. ಹೆಸರು ಹಾಕಿ."

"ಖಾಲ್ತಿ, ಹಲಗೆ ನೋಡಿ ನಾನೂ ನಕ್ಕಿದ್ದೆ."

"ಹಾಗಾದ್ರೆ ಎರಡು ಹೆಸರು ಹಾಕಿ. ಹುಡುಗೀದು ಬೇಡ. ಅವಳು ಕಲಿಸಿದ್ದನ್ನ ಮಾಡಿದ್ಳು."

ಇನ್ಸಾಫ್ ಮೊದಲ ಸಾಲನ್ನು ಹೊಡೆದುಹಾಕಿ, ಎರಡು ಹೆಸರುಗಳನ್ನೂ ಬರೆದಳು. ಅವಳಿಗೆ ಒಂದು ಛೀಮಾರಿ ಪತ್ರ ಬಂತು. ಮಬ್ರೂಕಾಳಿಂದ ಕೋಣೆಯ ಮುಖ್ಯಸ್ಥೆಯ ಪಟ್ಟ ಹೋಯಿತು. ಆ ಮಧ್ಯಾಹ್ನವೇ ಅವಳು ಹಲಗೆಯನ್ನು ಗೋಡೆಯಿಂದ ಕಿತ್ತು, ಹನ್ನೆರಡು ಚೀಟಿಗಳನ್ನೂ ಉಗುರಿನಿಂದ ಕೆರೆದು ತೆಗೆದಳು. ಒಂದೂ ಸಲೀಸಾಗಿ ಬರಲಿಲ್ಲ, ಚೆನ್ನಾಗಿ ಅಂಟಿಸಿದ್ದಳು. ಅಂದಿನಿಂದ ಕೆಂಪು ದೀಪ ಬಂದರೆ ಬಾಟಲಿಯೇ ಕೆಳಗಿಳಿಯಬೇಕು, ಯಂತ್ರಕ್ಕೆ ಬಾಟಲಿ ತೂಗುಹಾಕುವಾಗ ಇಬ್ಬರು ನಿಲ್ಲಬೇಕು, ಹಾಕಿದವಳ ಹೆಸರೂ ಕಂಡವಳ ಹೆಸರೂ ಚೀಲದ ಮೇಲೆ ಬರಬೇಕೆಂದಾಯಿತು. ದಿನಕ್ಕೆ ಮುಕ್ಕಾಲು ಗಂಟೆ ಕೆಲಸ ಹೆಚ್ಚಿತು. ಯಾರೂ ಗೊಣಗಲಿಲ್ಲ, ಅಥವಾ ಮಬ್ರೂಕಾಳ ಕಿವಿಗೆ ಬೀಳುವಂತೆ ಗೊಣಗಲಿಲ್ಲ.

ದಲೆಂದಾ ಅವಳನ್ನು ಕ್ಷಮಿಸಿದೆನೆಂದು ಹೇಳಲಿಲ್ಲ. ಮಬ್ರೂಕಾ ಕೇಳಲೂ ಇಲ್ಲ. ಉಪವಾಸದ ತಿಂಗಳು ಮುಗಿದು ಹಬ್ಬ ಬಂದಾಗ ವಾರ್ಡಿನವರೆಲ್ಲ ಉಪ್ಪುಮೀನನ್ನು ದ್ರಾಕ್ಷಿ-ಈರುಳ್ಳಿಯ ಗೊಜ್ಜಿನೊಡನೆ ಹಂಚಿಕೊಂಡು ತಿಂದರು. ಕೂಸು ಆಗ ಒಂದು ಕಿಲೋ ದಾಟಿತ್ತು, ಇನ್ನೂ ಚೀಲದ ಊಟದಲ್ಲೇ ಇತ್ತು. ಪ್ರತಿ ಸಂಜೆ ಹೊಸ ಚೀಲ ಬಂದೊಡನೆ, ದಾದಿ ಅದನ್ನು ಕೊಕ್ಕೆಗೆ ಸಿಕ್ಕಿಸುವ ಮೊದಲು ತಾಯಿ ಅದೇ ಒಂದು ಪ್ರಶ್ನೆ ಕೇಳುತ್ತಿದ್ದಳು.

"ಕಂಡವ್ರು ಯಾರು?"

ದಾದಿ ಹೆಸರು ಓದುತ್ತಿದ್ದಳು. ಅರೀಜ್ ಎಂದರೆ ದಲೆಂದಾ ಸುಮ್ಮನಿರುತ್ತಿದ್ದಳು. ಬೇರೆ ಯಾರಾದರೂ ಎಂದರೆ ಅವರನ್ನು ಒಮ್ಮೆ ಕರೆಸಿ ಎಂದದ್ದೂ ಉಂಟು. ಹಬ್ಬದ ಸಂಜೆ ವಹೀದಾ ಚೀಲವನ್ನು ಬೆಳಕಿಗೆ ಹಿಡಿದು ಓದಿದಳು: "ಹಾಕಿದವಳು ಅರೀಜ್. ಕಂಡವಳು ಮಬ್ರೂಕಾ."

ದಲೆಂದಾ ಕಿಂಡಿಯೊಳಗಿನ ತನ್ನ ಬೆರಳನ್ನು ನೋಡಿದಳು.

"ಹಾಕಿ," ಅಂದಳು.